ಎಡಗೈ ಕೆಲಸಕ್ಕೆ ಬಂದ ಪೆಟ್ಟಿಗೆ

ನಮ್ಮ ನಡುಮನೆಯಲ್ಲಿ ಒಂದು ಸಿಂಥಸೈಜರ್ ಇದೆ. ರೇಷ್ಮೆ ಹುಳು ಸಾಕುವವರ ಮನೆಯಲ್ಲಿ ಅದಕ್ಕೇನು ಕೆಲಸ ಎಂದು ನನ್ನನ್ನು ಕೇಳಬೇಡಿ. ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ನಾನೂ ಅದನ್ನೇ ಕೇಳುತ್ತಿದ್ದೇನೆ. ಇಬ್ಬರು ಸೇರಿ ಎತ್ತಿದರೆ ಮಾತ್ರ ಏಳುವಷ್ಟು ಭಾರ, ಮುಖದ ತುಂಬ ತಿರುಗಿಸುವ ನಾಬ್‌ಗಳು, ಕೆಳಗೆ ಹಾರ್ಮೋನಿಯಂಗೆ ಇರುವಂಥ ಕಪ್ಪು ಬಿಳಿ ಮನೆಗಳು. ಒಂದು ಸಲಕ್ಕೆ ಒಂದೇ ಸ್ವರ ನುಡಿಯುತ್ತದೆ. ಅಷ್ಟು ದೊಡ್ಡ ಮೈ ಇಟ್ಟುಕೊಂಡು ಒಂದೇ ಸ್ವರ! ಹೊಸತರಲ್ಲಿ, ಹುಳುಗಳು ಮೇವು ಬಿಟ್ಟು ಜ್ವರಕ್ಕೆ, ಅಂದರೆ ಪೊರೆ ಕಳಚಲು, ಕೂತಿದ್ದ ಹೊತ್ತಿನಲ್ಲಿ ಗಂಡ ಇದನ್ನು ನುಡಿಸಿದರೆಂದು ನಾನು ಮಾಡಿದ ರಂಪ ಬೀದಿಗೆಲ್ಲ ಗೊತ್ತು. "ಹುಳಕ್ಕೆ ಕಿವಿ ಇಲ್ಲ ಕಣೇ" ಎಂದರು. "ನನಗಿದೆಯಲ್ರೀ" ಎಂದೆ.

ಇವರು, ಅಂದರೆ ನಮ್ಮ ಯಜಮಾನರು, ವಯಸ್ಸಿನಲ್ಲಿ ಮಾಲೂರಿನ ಒಂದು ಆರ್ಕೆಸ್ಟ್ರಾದಲ್ಲಿದ್ದರು. ಬಲಗೈಯಲ್ಲಿ ಸಣ್ಣ ಕೀಬೋರ್ಡಿನ ಮೇಲೆ ಹಾಡಿನ ರಾಗ, ಎಡಗೈಯಲ್ಲಿ ಈ ದೊಡ್ಡದರ ಮೇಲೆ ಅಡಿಯ ಸ್ವರ, ಎರಡನ್ನೂ ಒಟ್ಟಿಗೆ ನುಡಿಸುತ್ತಿದ್ದರು. ಆರ್ಕೆಸ್ಟ್ರಾ ಒಡೆದಾಗ ಒಬ್ಬರು ಡ್ರಮ್ ತೆಗೆದುಕೊಂಡರು, ಒಬ್ಬರು ಮೈಕು ತೆಗೆದುಕೊಂಡರು. ಯಾರಿಗೂ ಬೇಡವಾದ ಇದು ಹಾಲಿನ ವ್ಯಾನು ಹತ್ತಿ ಸುಗಟೂರಿನ ಹತ್ತಿರದ ನಮ್ಮ ಊರಿಗೆ ಬಂತು. ಆಮೇಲೆ ಇವರು ನುಡಿಸಿದ್ದೆಲ್ಲ ಊರಿನ ಭಜನೆ ಮನೆಯಲ್ಲಿ. ಎಡಗೈ ಒತ್ತಿದರೆ ಧೂಮ್ ಎಂದು ನೆಲದಿಂದ ಏಳುವ ಆ ಸದ್ದಿಗೆ ಕೂತವರ ಮಂಡಿ ಅದುರುತ್ತಿತ್ತು. ಊರಿನವರು ಅದಕ್ಕೆ ಧೂಮ್ ಮಿಷನ್ ಎಂದು ಹೆಸರಿಟ್ಟರು. ಬರೀ ತಾಳ, ಹಾರ್ಮೋನಿಯಂ ಇಟ್ಟುಕೊಂಡ ಪಕ್ಕದೂರಿನವರನ್ನು ಕಂಡರೆ ನಮ್ಮವರಿಗೆ ಸ್ವಲ್ಪ ಕೊಬ್ಬೂ ಇತ್ತು.

ಹೋದ ವರ್ಷ ಇವರಿಗೆ ಲಕ್ವ ಹೊಡೆಯಿತು. ಎಡಗೈ ಬಿದ್ದುಹೋಯಿತು, ಎಡಗಾಲು ಎಳೆದು ನಡೆಯುವಂತಾಯಿತು, ಬಾಯಿ ಸೊಟ್ಟಗಾಗಿ ಮಾತು ತೊದಲಿತು. ನೋಡಲು ಬಂದವರು ಕಿತ್ತಳೆ ಹಣ್ಣು ತಂದರು, ಹಾರ್ಲಿಕ್ಸ್ ತಂದರು, ಮಂಚದ ಪಕ್ಕ ಕೂತು "ಮಾತು ಬರ್ತದಾ? ಎಲ್ಲಿ, ನಾನ್ಯಾರು ಹೇಳು ನೋಡೋಣ" ಎಂದು ಎಳೆ ಮಗುವನ್ನು ಕೇಳುವ ಹಾಗೆ ಕೇಳಿದರು. ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಪಾಪ. ಆದರೆ ಇವರು ಒಂದು ಸಲ ಹೇಳಲು ಹೋಗಿ, ಹೇಳಿದ್ದು ಯಾರಿಗೂ ಅರ್ಥವಾಗದೆ, ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡಾಗ ಗೋಡೆಯ ಕಡೆ ತಿರುಗಿ ಮಲಗಿದರು. ಅವತ್ತಿನಿಂದ ಬೇರೆಯವರ ಮುಂದೆ ತುಟಿ ಬಿಚ್ಚಲಿಲ್ಲ. ಹೊಸ್ತಿಲು ದಾಟುತ್ತಿದ್ದದ್ದು ಬಚ್ಚಲಿಗೆ ಹೋಗಲು ಮಾತ್ರ.

ಕೋಲಾರದ ಡಾಕ್ಟರು ನನ್ನನ್ನು ಒಬ್ಬಳನ್ನೇ ಹೊರಗೆ ಕರೆದು ಹೇಳಿದರು. "ಇವರನ್ನ ಜನರ ಮಧ್ಯೆ ಕೂರಿಸಮ್ಮ. ಮಾತಾಡ್ಬೇಕು ಇವರು. ಹೀಗೇ ಬಾಯಿ ಮುಚ್ಕೊಂಡಿದ್ರೆ ಬರೋ ಮಾತೂ ನಿಂತೋಗುತ್ತೆ." ನಾನು ಹೂಂ ಸಾರ್ ಎಂದೆ. ಹೂಂ ಎನ್ನುವುದಕ್ಕೇನು? ಹಟಮಾರಿ ಗಂಡಸನ್ನು ಎತ್ತಿಕೊಂಡು ಹೋಗಿ ಅರಳಿಕಟ್ಟೆಯ ಮೇಲೆ ಕೂರಿಸಿ ಬರಲು ಆಗುತ್ತದೆಯೇ? ಜಗಳವಾಡಿ ನೋಡಿದೆ, ಅತ್ತು ನೋಡಿದೆ, ಒಂದು ಹೊತ್ತು ಉಪವಾಸ ಕೂತೂ ನೋಡಿದೆ. ಇವರು ನನ್ನ ಪಾಲಿನ ಮುದ್ದೆಯನ್ನೂ ಉಂಡು ಮಲಗಿದರು. ಮೊದಲು ಒಂದು ಮಾತಿಗೆ ಹತ್ತು ಮಾತು ತಿರುಗಿ ಕೊಡುತ್ತಿದ್ದ ಮನುಷ್ಯ. ಮನೆಯಲ್ಲಿ ನನ್ನ ದನಿ ಒಂದೇ ಕೇಳುವುದು ನನಗೆ ಹೆದರಿಕೆ ಹುಟ್ಟಿಸುತ್ತಿತ್ತು.

ಹೀಗಿರುವಾಗ ಶ್ರಾವಣ ಹತ್ತಿರ ಬಂತು. ಶ್ರಾವಣದ ಕಡೇ ಶನಿವಾರ ನಮ್ಮೂರಿನಲ್ಲಿ ಅಖಂಡ ಭಜನೆ. ಬೆಳಿಗ್ಗೆ ದೀಪ ಹಚ್ಚಿದರೆ ಮಾರನೆಯ ಬೆಳಿಗ್ಗೆಯವರೆಗೆ ನಾಮ ನಿಲ್ಲಬಾರದು. ಸುತ್ತಲಿನ ಊರುಗಳ ತಂಡಗಳು ಪಾಳಿಯಂತೆ ಬಂದು ಹಾಡುತ್ತವೆ. ಒಂದು ತಂಡ ಏಳುವ ಮೊದಲೇ ಇನ್ನೊಂದು ಕೂತು ನಾಮ ಹಿಡಿದುಕೊಳ್ಳಬೇಕು. ಮಧ್ಯಾಹ್ನದ ಊಟಕ್ಕೆ ಮುಂಚಿನ ಪಾಳಿ ನಮ್ಮೂರಿನದು, ಅದರಲ್ಲಿ ಮಿಷನ್ ಇವರದು. "ಬಲಗೈ ಚೆನ್ನಾಗಿದೆಯಲ್ರೀ, ಸಣ್ಣ ಕೀಬೋರ್ಡ್ ಒಂದೇ ನುಡಿಸಿ, ಯಾರು ಬೇಡ ಅಂತಾರೆ?" ಎಂದೆ. "ಅರ್ಧ ಆಳು ಹೋಗಿ ಕೂತ್ಕೊಳ್ಳೋದಾ?" ಎಂದರು. ಅಷ್ಟು ಹೇಳಲು ಇವರು ಪಟ್ಟ ಪಾಡು ನೋಡಿ ನಾನು ತಿರುಗಿ ವಾದ ಮಾಡಲಿಲ್ಲ.

ಮುಳಬಾಗಿಲಿನಲ್ಲಿ ನನ್ನ ತಮ್ಮನದೊಂದು ರಿಪೇರಿ ಅಂಗಡಿ ಇದೆ. ಟಿವಿ, ಮಿಕ್ಸಿ, ಬೋರ್‌ವೆಲ್ ಮೋಟರಿನ ಸ್ಟಾರ್ಟರು, ಎಲ್ಲ ಬಿಚ್ಚುತ್ತಾನೆ. ಬಿಚ್ಚಿದ್ದರಲ್ಲಿ ಬಹಳಷ್ಟನ್ನು ಮತ್ತೆ ಜೋಡಿಸುತ್ತಾನೆ. ತೋಟಕ್ಕೆ ಹೋಗದೆ ಫೋನಿನಲ್ಲೇ ಮೋಟರ್ ಹಾಕುವ ಮೊಬೈಲ್ ಸ್ಟಾರ್ಟರನ್ನು ನಮ್ಮೂರಿನ ತೋಟಗಳಿಗೆಲ್ಲ ಕೂರಿಸಿದವನು ಅವನೇ. ಆಷಾಢದಲ್ಲಿ ಒಂದು ಬೆಳಿಗ್ಗೆ ಬಸ್ಸಿಳಿದು ಬಂದವನು ಚಪ್ಪಲಿ ಕೂಡ ಬಿಡದೆ, "ಅಕ್ಕಾ, ಭಾವನಿಗೆ ಎಡಗೈ ತಂದಿದೀನಿ" ಎಂದ.

ನಾನು ಅವನ ಬ್ಯಾಗನ್ನು ಸ್ವಲ್ಪ ಅನುಮಾನದಿಂದಲೇ ನೋಡಿದೆ. ಒಳಗಿಂದ ಬಂದದ್ದು ಟಿಫನ್ ಡಬ್ಬಿಯಷ್ಟು ದೊಡ್ಡ ತಗಡಿನ ಪೆಟ್ಟಿಗೆ. ಮೇಲೆ ಸಾಲಾಗಿ ಎಂಟು ನಾಬ್, ಪ್ರತಿ ನಾಬಿನ ನೆತ್ತಿಯ ಮೇಲೆ ಒಂದು ಪುಟ್ಟ ಕೆಂಪು ದೀಪ. ಇದಕ್ಕೆ ಸ್ಟೆಪ್ ಸೀಕ್ವೆನ್ಸರ್ ಅನ್ನುತ್ತಾರಂತೆ. ಫೋನಿನಲ್ಲಿ ಯಾರೋ ಮಾಡಿದ್ದನ್ನು ನೋಡಿ, ಅಂಗಡಿಯಲ್ಲಿದ್ದ ಹಳೆಯ ಸಾಮಾನು ಸೇರಿಸಿ ತಾನೇ ಮಾಡಿದ್ದನಂತೆ.

"ನೋಡಿ ಭಾವ, ದೀಪ ಒಂದೊಂದಾಗಿ ಓಡುತ್ತೆ. ಯಾವ ದೀಪ ಹತ್ತುತ್ತೋ ಆ ನಾಬಲ್ಲಿ ಇಟ್ಟಿರೋ ಸ್ವರನ ಮಿಷನ್ ನುಡಿಯುತ್ತೆ. ಎಂಟೂ ಮುಗಿದ್ರೆ ಮತ್ತೆ ಮೊದಲಿಂದ. ನೀವು ನಿಲ್ಸೋವರೆಗೂ ನಿಲ್ಲಲ್ಲ. ಇದು ನಿಮ್ಮ ಎಡಗೈ ಕೆಲಸ ನೋಡ್ಕೊಂಡ್ರೆ ಬಲಗೈಗೆ ನೀವಿದೀರಿ."

ಇವರು ಗೋಡೆಯ ಕಡೆ ತಿರುಗೇ ಮಲಗಿದ್ದರು. ಆದರೆ ಕಾಲಿನ ಹೆಬ್ಬೆರಳು ಅಲ್ಲಾಡುವುದು ನಿಂತಿತು. ಏನನ್ನಾದರೂ ಗಮನ ಕೊಟ್ಟು ಕೇಳುವಾಗ ಇವರು ಹಾಗೆ ಮಾಡುತ್ತಾರೆ. ತಮ್ಮನಿಗೆ ನಾನು ಕಣ್ಣಲ್ಲೇ ಮುಂದುವರಿಸು ಎಂದೆ.

ಪೆಟ್ಟಿಗೆಯಿಂದ ಮಿಷನ್ನಿಗೆ ಎರಡು ವೈರು. ಯಾವ ಸ್ವರ ಎಂದು ಹೇಳಲು ಒಂದು, ಯಾವಾಗ ನುಡಿಯಬೇಕು ಎಂದು ಹೇಳಲು ಇನ್ನೊಂದು. ಚುಚ್ಚಿ, ಸ್ವಿಚ್ ಹಾಕಿದ. ಪೆಟ್ಟಿಗೆ ನುಡಿ ಎಂದಾಗ ಮಿಷನ್ ಬಾಯಿ ಮುಚ್ಚಿಕೊಂಡಿತು, ಸುಮ್ಮನಿರು ಎಂದಾಗ ಹುಯ್ಯೋ ಎಂದಿತು. ನಿಲ್ಲಿಸಿದ. ಪೆಟ್ಟಿಗೆ ಪೂರ್ತಿ ನಿಂತ ಮೇಲೆ ಮಿಷನ್ ಒಂದೇ ಸಮನೆ ಅರಚಲು ಶುರು ಮಾಡಿತು. ತಮ್ಮ ಬೆವರೊರೆಸಿಕೊಂಡು, "ಉಲ್ಟಾ ಕೇಳಿಸ್ಕೊಳ್ತಾ ಇದೆ ಅಕ್ಕಾ" ಎಂದ. ಇಷ್ಟು ವರ್ಷ ಇವರ ಜೊತೆ ಸಂಸಾರ ಮಾಡಿದ ನನಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ.

ಇದು ಬಹಳ ಹಳೇ ಕಾಲದ್ದಂತೆ. ಈಗಿನವು ವೋಲ್ಟ್ ಬಂದರೆ ನುಡಿಯುತ್ತವೆ. ಇದು ವೈರನ್ನು ನೆಲಕ್ಕೆ ಮುಟ್ಟಿಸಿದರೆ, ಅಂದರೆ ಅರ್ಥಿಂಗ್ ಮಾಡಿದರೆ, ಆಗ ನುಡಿಯುತ್ತದೆ. ಸತ್ತುಹೋದ ಒಂದು ಸ್ಟಾರ್ಟರಿನ ಬೋರ್ಡಿನಿಂದ ಮೂರು ಕಾಲಿನ ಸಣ್ಣ ಟ್ರಾನ್ಸಿಸ್ಟರ್ ಕಿತ್ತು ಮಧ್ಯದಲ್ಲಿ ಬೆಸುಗೆ ಹಾಕಿದ. ಆಗ ಒಂದರ ಮಾತು ಇನ್ನೊಂದಕ್ಕೆ ಸರಿಯಾಗಿ ಕೇಳಿಸಿತು. ಹುಳು ಸಾಕುವ ಮನೆಯಲ್ಲಿ ಬೆಸುಗೆಯ ಹೊಗೆ ತುಂಬಿದ್ದಕ್ಕೆ ಇಬ್ಬರಿಗೂ ಬಾಯಿಗೆ ಬಂದ ಹಾಗೆ ಬೈದೆ. ಒಬ್ಬ ನೆಲದ ಮೇಲೆ ಕೂತಿದ್ದ, ಇನ್ನೊಬ್ಬರು ಮಂಚದ ಮೇಲೆ ಎದ್ದು ಕೂತಿದ್ದರು. ಎದ್ದು ಕೂತಿದ್ದನ್ನು ನಾನು ಬೈದು ಮುಗಿಸಿದ ಮೇಲೆ ಗಮನಿಸಿದೆ.

ಆಮೇಲೆ ಶ್ರುತಿಯ ರಗಳೆ. ತಮ್ಮ ಲೆಕ್ಕ ಹಾಕಿ ಎಂಟು ಸ್ವರ ಇಟ್ಟುಕೊಂಡು ಬಂದಿದ್ದ. ನುಡಿಸಿದರೆ ಮೊದಲನೆಯದು ಸರಿ, ಎರಡನೆಯದು ಸ್ವಲ್ಪ ಸೊಟ್ಟ, ಮೇಲಿನದು ಯಾವ ಸ್ವರವೆಂದು ದೇವರಿಗೇ ಗೊತ್ತಿರಲಿಲ್ಲ. ಒಂದು ವೋಲ್ಟಿಗೆ ಒಂದು ಸ್ಥಾಯಿ ಎನ್ನುವುದು ಈಗಿನವರ ಲೆಕ್ಕವಂತೆ. ಈ ಮುದುಕ ಮಿಷನ್ನಿಗೆ ಮೇಲೆ ಹೋದ ಹಾಗೆಲ್ಲ ವೋಲ್ಟನ್ನು ದುಪ್ಪಟ್ಟು ಮಾಡಿ ಕೊಡಬೇಕಂತೆ. ನನ್ನ ತಮ್ಮ ಫೋನಿನಲ್ಲಿ ಗುಣಾಕಾರ ಮಾಡುತ್ತಿದ್ದ. ಇವರು ಮಂಚದಿಂದ ಕೈ ಚಾಚಿ ಅವನ ಫೋನು ಕಿತ್ತು ದಿಂಬಿನ ಕೆಳಗಿಟ್ಟರು. ಬಲಗೈಯಲ್ಲಿ ಮೊದಲನೇ ನಾಬ್ ಹಿಡಿದರು. ಕಣ್ಣು ಮುಚ್ಚಿದರು. ಕೂದಲೆಳೆಯಷ್ಟು ತಿರುಗಿಸಿದರು. ತಂಬೂರಿಯ ಕಿವಿ ಹಿಂಡುವ ಹಾಗೆ ಒಂದೊಂದನ್ನೇ ಕೇಳಿ ಕೇಳಿ ಕೂರಿಸುತ್ತ ಹೋದರು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಇಳಿದಿತ್ತು. ಮತ್ತೆ ಮೊದಲಿಂದ. ತಮ್ಮ ಊಟ ಮಾಡಿ ಬಸ್ಸಿಗೆ ಹೋದ. ಹೋಗುವಾಗ ಪೆಟ್ಟಿಗೆಗೆ ಬ್ಯಾಟರಿ ಕಟ್ಟಿ, "ನಿಮ್ಮೂರ ಕರೆಂಟ್ ನಂಬೋಕಾಗಲ್ಲ ಭಾವ, ಇದಾದ್ರೂ ಅಲ್ಲಾಡದೆ ಇರ್ಲಿ" ಎಂದ. ಬಹಳ ಬುದ್ಧಿವಂತಿಕೆಯ ಕೆಲಸವೆಂದು ನಮಗೆಲ್ಲರಿಗೂ ಅನ್ನಿಸಿತು.

ಅವತ್ತಿನಿಂದ ದಿನಾ ಬೆಳಿಗ್ಗೆ ಅದೇ ಕೆಲಸ. ನಾನು ಸೊಪ್ಪು ಕೊಯ್ಯಲು ತೋಟಕ್ಕೆ ಹೋದ ತಕ್ಷಣ ಶುರು. ನನ್ನ ಮುಂದೆ ತಪ್ಪು ಮಾಡಲು ಇವರಿಗೆ ನಾಚಿಕೆ. ಅದೇ ಹೊತ್ತಿಗೆ ತ್ರೀ ಫೇಸ್ ಕರೆಂಟು ಬರುತ್ತದೆ, ಊರಿನ ಅಷ್ಟೂ ತೋಟದಲ್ಲಿ ಮೋಟರ್ ಓಡುತ್ತವೆ. ಮನೆಗೂ ತೋಟಕ್ಕೂ ನಮ್ಮೂರಿನಲ್ಲಿ ಟ್ರಾನ್ಸ್‌ಫಾರ್ಮರ್ ಒಂದೇ. ಆ ಹೊತ್ತಿನಲ್ಲಿ ಬಲ್ಬು ಕೆಂಪಗೆ ಉರಿಯುತ್ತದೆ, ಫ್ಯಾನಿನ ರೆಕ್ಕೆ ಎಣಿಸಬಹುದು, ಮಿಕ್ಸಿಯಲ್ಲಿ ಚಟ್ನಿ ಹಾಕಿದರೆ ಕಡಲೆ ಕಡಲೆಯಾಗೇ ಉಳಿಯುತ್ತದೆ. ಹುಟ್ಟಿದಾಗಿನಿಂದ ಹೀಗೇ ಇರುವುದರಿಂದ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತೋಟದಲ್ಲಿ ನಾನು ಹಿಪ್ಪುನೇರಳೆ ಕೊಯ್ಯುತ್ತ ಕೇಳುತ್ತಿದ್ದೆ: ಧೂಮ್, ಧೂಮ್, ನಡುವೆ ಒಂದು ಬಿಡುವು, ಮತ್ತೆ ಧೂಮ್. ಒಂದು ದಿನ ಅದರ ಮೇಲೆ ಸಣ್ಣ ಕೀಬೋರ್ಡಿನ ರಾಗವೂ ಹತ್ತಿತು. ಕುಡುಗೋಲು ಹಿಡಿದುಕೊಂಡು ಬದುವಿನ ಮೇಲೆ ಹಾಗೇ ಕೂತುಬಿಟ್ಟೆ. ಆ ಸದ್ದನ್ನು ಇಷ್ಟು ವರ್ಷ ಶಪಿಸಿದ ಬಾಯಿ ಇದೇನಾ ಎಂದು ನನಗೇ ನಗು ಬಂತು.

ಮನೆಗೆ ಬಂದು ಏನೂ ಕೇಳಿಸದವಳ ಹಾಗೆ ಸೊಪ್ಪಿಗೆ ನೀರು ಚಿಮುಕಿಸಿದೆ. ಇವರೇ ಹೇಳಿದರು: "ಶನಿವಾರ... ಹೋಗೋಣ."

"ಎಲ್ಲಿಗೆ?" ಎಂದೆ. ನಾನೂ ಏನು ಕಮ್ಮಿಯಲ್ಲ.

ಸುದ್ದಿ ಊರಿಗೆ ಹಬ್ಬಲು ಎಷ್ಟು ಹೊತ್ತು ಬೇಕು? ಭಜನೆ ಮನೆಯ ಹಿರಿಯರು ಸ್ವತಃ ಬಾಗಿಲಿಗೆ ಬಂದು, ಒಳಗೆ ಇಣುಕದೆ, ನನ್ನ ಹತ್ತಿರವೇ ಮಾತಾಡಿ ಹೋದರು. ಇವರು ಗೋಡೆಗೆ ತಿರುಗುತ್ತಾರೆಂದು ಅವರಿಗೆ ಗೊತ್ತಿತ್ತು. ದೊಡ್ಡ ಮನುಷ್ಯರು. ಆಮೇಲೆ ಮನೆಮನೆಗೆ ಹೋಗಿ ಹೇಳಿಬಂದರಂತೆ: "ಈ ಸಲ ಮಿಷನ್ ಬರ್ತಾ ಇದೆ. ಕರೆಂಟ್ ಚೆನ್ನಾಗಿರ್ಬೇಕು. ಶನಿವಾರ ಯಾರೂ ಮೋಟರ್ ಹಾಕಂಗಿಲ್ಲ." ನನ್ನ ತಮ್ಮನೂ ಸ್ಟಾರ್ಟರ್ ಹಾಕಿಸಿಕೊಂಡವರಿಗೆಲ್ಲ ಫೋನು ಮಾಡಿ ಅದನ್ನೇ ಹೇಳಿದ. ಇಡೀ ಊರು ಒಪ್ಪಿಕೊಂಡಿತು. ನೀರಿನ ವಿಷಯದಲ್ಲಿ ನಮ್ಮೂರು ಹೀಗೆ ಒಂದು ಮಾತಿಗೆ ನಿಂತದ್ದನ್ನು ನಾನು ಹಿಂದೆ ನೋಡಿಲ್ಲ.

ಶನಿವಾರ ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಹಾಕಿದೆ. ಅದು ಎಷ್ಟು ಜೋರಾಗಿ ತಿರುಗಿತೆಂದರೆ ಮುಚ್ಚಳ ಹಾರಿ ಚಟ್ನಿಯಲ್ಲಿ ಅರ್ಧ ಸೂರಿಗೆ ಹೋಯಿತು. ದೇವರ ದಿನ ಬಾಯಿ ಕೆಡಿಸಿಕೊಳ್ಳಬಾರದೆಂದು ಸುಮ್ಮನೆ ಒರೆಸಿದೆ. ಯಾಕೆ ಹೀಗಾಯಿತು ಎಂದು ಯೋಚಿಸುವ ತಾಳ್ಮೆ ಇರಲಿಲ್ಲ, ಟ್ರ್ಯಾಕ್ಟರ್ ಬಂದು ನಿಂತಿತ್ತು.

ಮಿಷನ್ ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಹಾಸಿಗೆಯ ಮೇಲೆ ಹೋಯಿತು. ಇವರು ಬೇಡವೆಂದು ನಡೆದೇ ಬಂದರು, ನನ್ನ ಭುಜದ ಮೇಲೆ ಬಲಗೈ ಇಟ್ಟು. ಎಡಗೈಯನ್ನು ಟವೆಲಿನಲ್ಲಿ ಸುತ್ತಿಕೊಂಡಿದ್ದರು. ಬೀದಿಯಲ್ಲಿ ನಿಂತವರು ಇವರನ್ನು ನೋಡಿಯೂ ನೋಡದ ಹಾಗೆ ದನಕ್ಕೆ ನೀರು ತೋರಿಸುವುದು, ಗಾಡಿ ಒರೆಸುವುದು ಮಾಡಿದರು. ಭಜನೆ ಮನೆಯಲ್ಲಿ ದೇವರಾಯಸಮುದ್ರದ ಕಡೆಯ ತಂಡ ಹಾಡುತ್ತಿತ್ತು. ಅವರ ನಾಮದ ನಡುವೆಯೇ, ಮುಳಬಾಗಿಲಿನಿಂದ ಬಂದಿದ್ದ ನನ್ನ ತಮ್ಮ ವೈರುಗಳನ್ನು ಜೋಡಿಸಿದ. ನುಡಿಸಿ ನೋಡಲು ಆಗುವಂತಿರಲಿಲ್ಲ. ಇವರನ್ನು ಗೋಡೆಗೆ ಒರಗಿಸಿ ಕೂರಿಸಿ, ಮುಂದೆ ಮೈಕು ಇಟ್ಟರು. ನಮ್ಮವರು ಸುತ್ತ ಕೂತು ಮೆಲ್ಲಗೆ ನಾಮ ಹಿಡಿದುಕೊಂಡರು, ಆ ತಂಡ ಎದ್ದಿತು. ಇವರು ಬಲಗೈಯಿಂದ ಸಣ್ಣ ಕೀಬೋರ್ಡಿನಲ್ಲಿ ರಾಗ ಎತ್ತಿಕೊಂಡರು. ಎಲ್ಲರ ದನಿಯೂ ಅದಕ್ಕೆ ಸೇರಿತು. ಎಷ್ಟು ಚೆನ್ನಾಗಿತ್ತು! ನನ್ನ ತಮ್ಮ ಪೆಟ್ಟಿಗೆಯ ಸ್ವಿಚ್ ಹಾಕಿದ.

ಧೂಮ್ ಬಂತು. ಆದರೆ ಬೇರೆ ಯಾವುದೋ ಊರಿನದು ಬಂದ ಹಾಗೆ ಬಂತು. ಹಾಡಿಗಿಂತ ಮೇಲೆ, ಮೇಲೆ ಎಂದರೆ ಪೂರ್ತಿ ಮೇಲೂ ಅಲ್ಲ, ಹಲ್ಲಿಗೆ ಕಲ್ಲು ಸಿಕ್ಕ ಹಾಗೆ ಸ್ವಲ್ಪ ಮೇಲೆ. ಒಂದೊಂದು ಸ್ವರ ಒಂದೊಂದು ಅಳತೆಯಲ್ಲಿ ಏರಿತ್ತು. ಹಾಡುವವರಲ್ಲಿ ಅರ್ಧ ಜನ ಅದರ ಕಡೆ ಎಳೆದರು, ಅರ್ಧ ಜನ ಕೀಬೋರ್ಡಿನ ಕಡೆ. ನಾಮ ನಿಲ್ಲಿಸುವಂತಿಲ್ಲ, ಪೆಟ್ಟಿಗೆ ನಿಲ್ಲಿಸಿದರೆ ಇವರು ಮತ್ತೆ ಅರ್ಧ ಆಳು. ಎಂಟು ನಾಬ್ ಕೂರಿಸಲು ಇವರಿಗೆ ಒಂದು ಬೆಳಗು ಪೂರ್ತಿ ಬೇಕು. ನನ್ನ ತಮ್ಮ ಮಿಷನ್ನಿನ ಶ್ರುತಿ ನಾಬ್ ತಿರುಗಿಸಿ ಒಂದು ಸ್ವರ ಇಳಿಸಿದ, ಮಿಕ್ಕ ಏಳೂ ಇನ್ನಷ್ಟು ಕೆಟ್ಟವು. ಅದನ್ನು ಮೊದಲಿದ್ದ ಗುರುತಿಗೇ ತಂದು ಬಿಟ್ಟ.

ಇವರು ಬಲಗೈಯನ್ನು ಕೀಬೋರ್ಡಿನಿಂದ ತೆಗೆದರು. ಮುಖವೆಲ್ಲ ಕೆಂಪಾಗಿತ್ತು. ಟವೆಲನ್ನು ಎಡಗೈಯ ಮೇಲೆ ಸರಿಯಾಗಿ ಎಳೆದುಕೊಂಡರು. ಹೆಂಗಸರ ಕಡೆ ನನ್ನನ್ನು ಹುಡುಕಿದರು, ಕಣ್ಣಿಗೆ ಕಣ್ಣು ಸೇರಿತು. ನನ್ನನ್ನು ಎತ್ತು, ಮನೆಗೆ ಕರ್ಕೊಂಡು ಹೋಗು. ಅಷ್ಟು ಸ್ಪಷ್ಟವಾಗಿತ್ತು. ಈಗ ಮನೆಗೆ ಹೋದರೆ ಈ ಮನುಷ್ಯ ಮತ್ತೆ ಹೊಸ್ತಿಲು ದಾಟುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನು ಏಳಲಿಲ್ಲ. ಮುಖ ಮೇಲೆತ್ತಿ ಫ್ಯಾನು ನೋಡುತ್ತ ಕೂತೆ. ಅಂಥ ಹೊತ್ತಿನಲ್ಲಿ ಗಂಡನ ಮುಖ ನೋಡಲಾರದವಳು ಇನ್ನೆಲ್ಲಿ ನೋಡಬೇಕು?

ಫ್ಯಾನು ಕಿತ್ತುಕೊಂಡು ಬೀಳುವ ಹಾಗೆ ತಿರುಗುತ್ತಿತ್ತು. ರೆಕ್ಕೆಯೇ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಟ್ಯೂಬ್‌ಲೈಟು ಕಣ್ಣು ಕುಕ್ಕುತ್ತಿತ್ತು. ಆಗ ನನಗೆ ಸೂರಿಗೆ ಹೋದ ಚಟ್ನಿ ನೆನಪಾಯಿತು.

ಎದ್ದವಳು ಇವರ ಹತ್ತಿರ ಹೋಗದೆ ತಮ್ಮನ ಹತ್ತಿರ ಹೋಗಿ ಅವನ ಕಿವಿಗೆ ಬಾಯಿಟ್ಟೆ. "ಲೇ, ಮನೇಲಿ ದಿನಾ ಶ್ರುತಿ ಮಾಡಿದ್ದು ಮೋಟರ್ ಓಡೋ ಹೊತ್ತಲ್ಲಿ ಕಣೋ. ಇವತ್ತು ಮೋಟರ್ ಇಲ್ಲ. ಕರೆಂಟ್ ಜಾಸ್ತಿ ಬರ್ತಾ ಇದೆ."

ಅವನು ಬಾಯಿ ತೆರೆದುಕೊಂಡು ನನ್ನನ್ನು ನೋಡಿದ. ಆಮೇಲೆ ಹಣೆ ಚಚ್ಚಿಕೊಂಡ. ಮಿಷನ್ನಿನೊಳಗೆ ಕರೆಂಟಿನ ಏರುಪೇರನ್ನು ತಡೆಯುವ ಭಾಗ ಸತ್ತು ವರ್ಷಗಳಾಗಿದ್ದವು. ಮೊದಲು ಇವರು ಮಿಷನ್ನಿನ ಮನೆಗಳನ್ನೇ ಒತ್ತಿ ನುಡಿಸುವಾಗ ಎಲ್ಲ ಒಂದೇ ಕರೆಂಟು ಕುಡಿಯುತ್ತಿತ್ತು. ಏರಿದರೆ ಒಟ್ಟಿಗೆ ಏರುತ್ತಿತ್ತು, ಒಂದು ನಾಬ್ ತಿರುಗಿಸಿದರೆ ಮುಗಿಯುತ್ತಿತ್ತು. ಈಗ ಪೆಟ್ಟಿಗೆ ಬ್ಯಾಟರಿಯಲ್ಲಿ ಅಲ್ಲಾಡದೆ ಕೂತಿದೆ, ಮಿಷನ್ ಒಂದೇ ಏರಿದೆ. "ನಾನೇ ಬ್ಯಾಟರಿ ಹಾಕಿದ್ದಲ್ಲಕ್ಕಾ" ಎಂದು ಅವನು ಗೋಳಾಡಲು ಶುರು ಮಾಡಿದ. "ಆಮೇಲೆ ಅಳುವಂತೆ, ಮೋಟರ್ ಹಾಕ್ಸು" ಎಂದೆ.

ಹಿರಿಯರು ತಾಳ ಹಾಕುತ್ತ ಮುಂದೆಯೇ ಕೂತಿದ್ದರು. ಅವರ ಕಿವಿಗೂ ಹೇಳಿದೆ, ಊರಿನವರೆಲ್ಲ ಈಗಲೇ ಮೋಟರ್ ಹಾಕಬೇಕೆಂದು. ಅವರಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. "ಏಮಮ್ಮಾ, ಪಿಚ್ಚಾ ನೀಕು?" ಎಂದರು. ಹುಚ್ಚು ಎಂದೇ ಇಟ್ಟುಕೊಳ್ಳಿ ಯಜಮಾನರೇ, ನಿಮಗೆ ಕೈ ಮುಗೀತೀನಿ, ಹಾಕ್ಸಿ ಎಂದೆ. ಅವರು ನನ್ನ ಮುಖ ನೋಡಿದರು, ಗೋಡೆಗೆ ಒರಗಿ ಒಂದೇ ಕೈಯೂರಿ ಏಳಲು ಒದ್ದಾಡುತ್ತಿದ್ದ ಇವರನ್ನು ನೋಡಿದರು. ತಾಳ ಬಿಡದೆಯೇ ಗಂಡಸರ ಕಡೆ ತಿರುಗಿ, "ಏನ್ಲಾ ನೋಡ್ತೀರಾ, ಮೋಟರ್ ಹಾಕ್ರಲಾ ಎಲ್ಲಾರೂ!" ಎಂದು ನಾಮದ ಧಾಟಿಯಲ್ಲೇ ಕೂಗಿದರು. ಒಂದಿಬ್ಬರು ಅದನ್ನೂ ಹಿಂದಿನಿಂದ ಹಾಡಿದರು.

ಜೇಬುಗಳಿಂದ ಫೋನುಗಳು ಹೊರಬಂದವು. ಬಾಯಲ್ಲಿ ನಾಮ, ಬೆರಳಲ್ಲಿ ಸ್ಟಾರ್ಟರು. ಯಾರದೋ ಜೇಬಿನಿಂದ ಹೆಣ್ಣು ದನಿಯೊಂದು, "ನಿಮ್ಮ ಮೋಟರ್ ಚಾಲನೆಯಲ್ಲಿದೆ" ಎಂದಿತು. ಆ ಮೂಲೆಯಿಂದಲೂ ಎಂದಿತು, ಈ ಮೂಲೆಯಿಂದಲೂ ಎಂದಿತು. ಫ್ಯಾನಿನ ರೆಕ್ಕೆ ಕಾಣತೊಡಗಿತು. ಧೂಮ್ ಒಂದು ಕೂದಲೆಳೆ ಇಳಿಯಿತು. ಮೊಬೈಲ್ ಸ್ಟಾರ್ಟರ್ ಇಲ್ಲದ ಒಬ್ಬರು ಪಂಚೆ ಎತ್ತಿ ಕಟ್ಟಿ ಬೈಕಿನಲ್ಲಿ ತೋಟಕ್ಕೆ ಓಡಿದರು.

ಏಳಲು ಹೋಗಿದ್ದ ಇವರು ಅರ್ಧಕ್ಕೇ ತಡೆದರು. ತಲೆ ಓರೆ ಮಾಡಿ ಕೇಳಿದರು. ಮೆಲ್ಲಗೆ ಮತ್ತೆ ಕೂತರು. ಬಲಗೈಯ ತೋರುಬೆರಳನ್ನು ಕೆಳಕ್ಕೆ ತೋರಿಸಿದರು: ಇನ್ನೂ ಇಳಿಯಲಿ. ತಮ್ಮ ಹೊರಜಗಲಿಯ ಕಡೆ ತಿರುಗಿ, "ಇನ್ನೊಂದು ಹಾಕ್ರಣ್ಣಾ!" ಎಂದ. ಹಾಕಿದರು. ಬೆರಳು ಮತ್ತೆ ಕೆಳಕ್ಕೆ. ಇನ್ನೊಂದು. ಬೆರಳು ಮೇಲಕ್ಕೆ ತಿರುಗಿತು. "ಜಾಸ್ತಿ ಆಯ್ತು, ಯಾರಾದ್ರೂ ಸಣ್ಣ ಮೋಟರ್ ಇರೋರು ಆಫ್ ಮಾಡಿ!" ಸಣ್ಣ ಮೋಟರಿನವರು ಅದನ್ನು ಒಪ್ಪಿಕೊಳ್ಳಲು ನಾಚಿ, ಫೋನನ್ನು ಪಂಚೆಯ ಮರೆಯಲ್ಲಿ ಹಿಡಿದು ಆಫ್ ಮಾಡಿದರು. ಬೆರಳು ನಿಂತಿತು. ಧೂಮ್ ಬಂದು ಹಾಡಿನ ಅಡಿಯಲ್ಲಿ ಕೂತುಕೊಂಡಿತು, ಎಂಟಕ್ಕೆ ಎಂಟೂ. ನನ್ನ ಮಂಡಿ ಅದುರಿತು. ಇವರು ಬಲಗೈಯನ್ನು ಕೀಬೋರ್ಡಿನ ಮೇಲಿಟ್ಟರು.

ಆ ಪಾಳಿ ಎಷ್ಟು ಹೊತ್ತು ನಡೆಯಿತೋ ನನಗೆ ಗೊತ್ತಿಲ್ಲ. ನಾನು ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತಿದ್ದೆ. ಅವತ್ತು ಯಾರ ತೋಟಕ್ಕೂ ನೀರು ಬೇಕಿರಲಿಲ್ಲ. ಮೂರು ದಿನದ ಹಿಂದೆಯಷ್ಟೇ ಮಳೆ ಬಿದ್ದಿತ್ತು. ಎದುರಿನ ತೋಟದಲ್ಲಿ ಟೊಮೇಟೊ ಕೆಂಪಾಗಿ ಕೀಳಲು ನಿಂತಿತ್ತು. ಆ ಹೊತ್ತಿನಲ್ಲಿ ನೀರು ಕುಡಿದರೆ ಹಣ್ಣು ಬಿರಿಯುತ್ತದೆ. ಆ ತೋಟದವರು ಬದುವಿನ ವಿಷಯಕ್ಕೆ ನಮ್ಮ ಜೊತೆ ಮಾತು ಬಿಟ್ಟವರು. ಒಂದು ಕೊಡ ನೀರಿಗೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುವ ಸೀಮೆ ಇದು. ನೀರು ಪೈಪಿನಿಂದ ಬಿದ್ದು, ಸಾಲು ತುಂಬಿ, ಬದು ದಾಟಿ, ರಸ್ತೆಗೆ ಬಂದು ಸುಮ್ಮನೆ ಹರಿದುಹೋಗುತ್ತಿತ್ತು. ಆ ತೋಟದವರು ಭಜನೆ ಮನೆಯ ಬಾಗಿಲಲ್ಲೇ ಕೂತಿದ್ದರು. ನೀರು ಹೋಗುವುದು ಅವರಿಗೂ ಕಾಣುತ್ತಿತ್ತು. ಫೋನನ್ನು ಮಡಿಲಲ್ಲಿ ಕವುಚಿ ಹಾಕಿ ತಾಳ ಹಾಕುತ್ತಿದ್ದರು. ನನಗೆ ಅಳು ಬಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತೆ.

ಮುಂದಿನ ತಂಡ ಬಂದು ಕೂತು ಹಾರ್ಮೋನಿಯಂನಲ್ಲಿ ನಾಮ ಹಿಡಿದುಕೊಂಡಿತು. ನನ್ನ ತಮ್ಮ ಪೆಟ್ಟಿಗೆ ನಿಲ್ಲಿಸಿದ. ದೀಪಗಳು ಆರಿದವು. ಹೊಸ ತಂಡದ ಮೈಕು ಬೇರೆ ಇತ್ತು, ಇವರ ಮುಂದಿನದನ್ನು ಯಾರೂ ಇನ್ನೂ ತೆಗೆದಿರಲಿಲ್ಲ. ಎಬ್ಬಿಸಲು ನಾನು ಹತ್ತಿರ ಹೋದೆ. ಇವರು ನನ್ನ ಭುಜ ಹಿಡಿಯಲಿಲ್ಲ. ಬಾಗಿಲಾಚೆ ರಸ್ತೆಯ ಮೇಲೆ ಹರಿಯುತ್ತಿದ್ದ ನೀರನ್ನು ನೋಡುತ್ತಿದ್ದರು. ಮೈಕಿನ ಕಡೆ ಬಾಗಿದರು. ಸೊಟ್ಟ ಬಾಯಿ ಎರಡು ಸಲ ತೆರೆದು ಮುಚ್ಚಿತು.

"ಮೋಟರ್... ನಿಲ್ಸ್ರಪ್ಪಾ. ನೀರು... ಹೋಗ್ತಾ ಐತೆ."

ಮೇಲೆ ಕಟ್ಟಿದ್ದ ಹಾರ್ನಿನಲ್ಲಿ ಅದು ತೋಟಗಳವರೆಗೂ ಕೇಳಿಸಿತು. ತೊದಲಿತ್ತು, ಆದರೆ ಒಂದೊಂದು ಅಕ್ಷರವೂ ತಿಳಿಯಿತು. ನಮ್ಮ ತಂಡದವರು ಎದ್ದು ಹೋಗದೆ ನಿಂತಲ್ಲೇ ನಿಂತಿದ್ದರು, ಎಲ್ಲರ ಕೈಯಲ್ಲೂ ಫೋನಿತ್ತು. ಒಬ್ಬರೂ ಬೆರಳು ಅಲ್ಲಾಡಿಸಲಿಲ್ಲ. ಸುಮ್ಮನೆ ಇವರ ಮುಖ ನೋಡುತ್ತಿದ್ದರು.

ಇವರು ಇನ್ನೊಂದು ಸಲ, ಸ್ವಲ್ಪ ಗದರಿಸಿ ಹೇಳಬೇಕಾಯಿತು.